ಡಿಎನ್‌ಎ ವರದಿ ಓದುವುದು ಹೇಗೆ?

ಕೋರ್ಟಿನಲ್ಲಿ ‘ಡಿಎನ್‌ಎ ತಾಳೆಯಾಗಿದೆ’ ಎಂದರೆ ಸಾಕು, ಕೇಸು ಮುಗಿದೇ ಹೋಯಿತು ಎಂದುಕೊಳ್ಳುವವರೇ ಜಾಸ್ತಿ. ಆ ಸಾಲು ಇರುವುದು ವರದಿಯ ಕೊನೆಯಲ್ಲಿ. ಓದಲು ಶುರು ಮಾಡಬೇಕಾದದ್ದು ಅಲ್ಲಿಂದಲ್ಲ.

ಮೊದಲು ಸ್ಯಾಂಪಲ್ ಬಂದ ದಾರಿ ನೋಡಿ

ರಕ್ತದ ಕಲೆಯಿರುವ ಬಟ್ಟೆಯನ್ನು ಒಣಗಿಸಿ ಕಾಗದದ ಕವರಿನಲ್ಲಿ ಹಾಕಿರಬೇಕು. ಹಸಿಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವಕ್ಕೆ ಬೂಸ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ಒಂದೊಂದು ವಸ್ತುವಿಗೂ ಬೇರೆ ಕವರ್, ಬೇರೆ ನಂಬರ್, ಬೇರೆ ಸೀಲ್ ಇರಬೇಕು. ಯಾರು ಯಾವಾಗ ಯಾರ ಕೈಗೆ ಕೊಟ್ಟರು ಎಂಬ ಸಹಿಗಳಲ್ಲಿ ಒಂದು ದಿನದ ಲೆಕ್ಕವೂ ತಪ್ಪಿರಬಾರದು.

ಹೋಲಿಸಿ ನೋಡಲು ಆರೋಪಿಯ ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಉಜ್ಜಿ ಇನ್ನೊಂದು ಸ್ಯಾಂಪಲ್ ತೆಗೆಯುತ್ತಾರೆ. ಅದನ್ನು ಕೊಟ್ಟಿದ್ದು ಆ ವ್ಯಕ್ತಿಯೇ ಎಂದು ಖಾತ್ರಿ ಮಾಡಿಕೊಂಡದ್ದು ಹೇಗೆ? ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ಡಿಎನ್‌ಎಯಿಂದ ವ್ಯಕ್ತಿಯನ್ನು ಗುರುತಿಸುವ ವಿಧಾನವನ್ನು ವಿಜ್ಞಾನಿ ಅಲೆಕ್ ಜೆಫ್ರೀಸ್ 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕಂಡುಹಿಡಿದರು. ಅದೇ ಸೀಮೆಯ ಇಬ್ಬರು ಹುಡುಗಿಯರ ಕೊಲೆ ಕೇಸಿನಲ್ಲಿ ಅದನ್ನು ಬಳಸಿದಾಗ ಮೊದಲು ಆದದ್ದು ಬಿಡುಗಡೆ. ಒಂದು ಕೊಲೆಯನ್ನು ತಾನೇ ಮಾಡಿದ್ದೆಂದು ಒಪ್ಪಿಕೊಂಡಿದ್ದ ಹುಡುಗನ ಡಿಎನ್‌ಎ ತಾಳೆಯಾಗಲಿಲ್ಲ. ಆಮೇಲೆ ಪೊಲೀಸರು ಸುತ್ತಲ ಸಾವಿರಾರು ಗಂಡಸರ ಸ್ಯಾಂಪಲ್ ತೆಗೆದರು. ಕೊಲೆಗಾರ ತನ್ನ ಬದಲು ಜೊತೆ ಕೆಲಸದವನನ್ನು ಕಳಿಸಿದ್ದ! ಆ ಜೊತೆಗಾರ ಪಬ್ಬಿನಲ್ಲಿ ಬಾಯಿಬಿಟ್ಟ ಮೇಲೆಯೇ ಅವನು ಸಿಕ್ಕಿಬಿದ್ದದ್ದು. 1988ರಲ್ಲಿ ಶಿಕ್ಷೆಯಾಯಿತು.

ಆಮೇಲೆ ಪಟ್ಟಿಗೆ ಬನ್ನಿ

ಪ್ರತಿ ಸ್ಯಾಂಪಲ್‌ನಲ್ಲಿ ಕಂಡದ್ದನ್ನು ವರದಿಯಲ್ಲಿ ಪಟ್ಟಿ ಮಾಡಿರುತ್ತಾರೆ. ಅದರಲ್ಲಿ ‘ಟಿಎಚ್01: 6, 9.3’ ಎಂಬಂಥ ಸಾಲುಗಳು ಇರುತ್ತವೆ. ನೋಡಿ ಗಾಬರಿಯಾಗಬೇಡಿ. ಟಿಎಚ್01 ಎಂದರೆ 11ನೇ ಕ್ರೋಮೋಸೋಮಿನಲ್ಲಿರುವ (ಡಿಎನ್‌ಎ ಸುತ್ತಿಕೊಂಡಿರುವ ಎಳೆ) ಒಂದು ಜಾಗ. ಅಲ್ಲಿ ಎ-ಎ-ಟಿ-ಜಿ ಎಂಬ ನಾಲ್ಕು ಡಿಎನ್‌ಎ ಅಕ್ಷರಗಳು ಸಾಲಾಗಿ ಮತ್ತೆ ಮತ್ತೆ ಬರುತ್ತವೆ. ತಂದೆತಾಯಿಯಲ್ಲಿ ಒಬ್ಬರಿಂದ ಬಂದ ಪ್ರತಿಯಲ್ಲಿ 6 ಸಲ, ಇನ್ನೊಬ್ಬರದರಲ್ಲಿ 9 ಸಲ ಪೂರ್ತಿ ಮತ್ತು ಮೇಲೆ 3 ಅಕ್ಷರ. ಅದೇ 9.3, ದಶಮಾಂಶ ಅಲ್ಲ. ಇಂಥ ಜಾಗಗಳು ಒಂದೆರಡಲ್ಲ. ಅಮೆರಿಕದ ಎಫ್‌ಬಿಐ 2017ರಿಂದ 20 ಜಾಗಗಳನ್ನು ನೋಡುತ್ತಿದೆ, ಮೊದಲು 13 ಇತ್ತು.

ಕಲೆಯ ಸಾಲನ್ನೂ ಆರೋಪಿಯ ಸಾಲನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ನೋಡುತ್ತಾ ಹೋಗಿ. ಕಲೆ ಒಬ್ಬರದೇ ಆಗಿದ್ದರೆ ಒಂದು ಜಾಗದಲ್ಲಿ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಸಂಖ್ಯೆ ಇರುವುದಿಲ್ಲ. ಹಲವು ಸಾಲುಗಳಲ್ಲಿ ಮೂರು, ನಾಲ್ಕು ಕಂಡರೆ ಅದು ಬೆರಕೆ ಸ್ಯಾಂಪಲ್. ಎಷ್ಟು ಜನರದು, ಯಾವ ಸಂಖ್ಯೆ ಯಾರದು ಎನ್ನುವುದರಲ್ಲಿ ತಜ್ಞರ ಅಂದಾಜೂ ಸೇರುತ್ತದೆ. ನನ್ನ ಪ್ರಕಾರ ಅತಿ ಹೆಚ್ಚು ಪ್ರಶ್ನೆ ಕೇಳಬೇಕಾದ ಜಾಗ ಇದೇ. ಅಪ್ಪನಿಂದ ಮಗನಿಗೆ ಬರುವ ವೈ ಕ್ರೋಮೋಸೋಮಿನ ಪರೀಕ್ಷೆ ಮಾತ್ರ ಆಗಿದ್ದರೆ ಅಪ್ಪ, ಮಗ, ಅಣ್ಣತಮ್ಮಂದಿರು ಸಾಮಾನ್ಯವಾಗಿ ಒಂದೇ ಥರ ಕಾಣುತ್ತಾರೆ, ನೆನಪಿರಲಿ.

ಖಾಲಿ ಸ್ಯಾಂಪಲ್ ಏನು ಹೇಳಿತು?

ಏನೂ ತಾಗಿಸದ ಹತ್ತಿಕಡ್ಡಿಯನ್ನೂ ಲ್ಯಾಬಿನಲ್ಲಿ ಪರೀಕ್ಷಿಸಿದ್ದಾರೆಯೇ ಎಂದು ಹುಡುಕಿ. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಹತ್ತಾರು ಅಪರಾಧ ಸ್ಥಳಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಗುತ್ತಿತ್ತು. 2007ರಲ್ಲಿ ಹೈಲ್‌ಬ್ರಾನ್ ಊರಿನ ಪೊಲೀಸ್ ಸಿಬ್ಬಂದಿಯ ಕೊಲೆಯಲ್ಲೂ ಅವಳದೇ. ವರ್ಷಗಟ್ಟಲೆ ಹುಡುಕಿದರು. 2009ರಲ್ಲಿ ಗೊತ್ತಾಯಿತು, ಅದು ಹತ್ತಿಕಡ್ಡಿ ತಯಾರಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸಿನದು. ಕಡ್ಡಿಗಳಲ್ಲಿ ರೋಗಾಣು ಇರಲಿಲ್ಲ ನಿಜ. ಆದರೆ ರೋಗಾಣು ಸತ್ತರೆ ಡಿಎನ್‌ಎ ಹೋಗುವುದಿಲ್ಲ ಅಲ್ವಾ?

ಈಗ ಆ ದೊಡ್ಡ ಸಂಖ್ಯೆ

ಪೂರ್ತಿ ಪಟ್ಟಿ ತಾಳೆಯಾದರೆ ‘ಇದೇ ಪಟ್ಟಿ ಇರುವವರು ಹಲವು ನೂರು ಕೋಟಿಯಲ್ಲಿ ಒಬ್ಬರು’ ಎಂಬಂಥ ಸಂಖ್ಯೆ ಬರುತ್ತದೆ. ಅರ್ಧಂಬರ್ಧ ಪಟ್ಟಿಯಾದರೆ ಅದು ಎಷ್ಟೋ ಇಳಿಯುತ್ತದೆ. ಹತ್ತು ಲಕ್ಷದಲ್ಲಿ ಒಬ್ಬರು ಎಂದು ಬಂದಿದೆ ಎನ್ನಿ. ‘ಆರೋಪಿ ನಿರಪರಾಧಿಯಾಗಿರುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದು’ ಎಂದು ಯಾರಾದರೂ ಹೇಳಿದರೆ ತಡೆಯಿರಿ. ಆರು ಕೋಟಿ ಜನರಿರುವ ದೇಶದಲ್ಲಿ ಆ ಪಟ್ಟಿಗೆ ಹೊಂದುವವರು ಸುಮಾರು 60 ಮಂದಿ ಇರಬಹುದು. ಬೇರೆ ಸಾಕ್ಷ್ಯ ಒಂದೂ ಇಲ್ಲದಿದ್ದರೆ ಆರೋಪಿ ಆ 60ರಲ್ಲಿ ಒಬ್ಬರಷ್ಟೇ. ಈ ಗೊಂದಲ ಎಷ್ಟಿತ್ತೆಂದರೆ, ಕಲೆ ಆರೋಪಿಯದೇ ಆಗಿರುವ ಸಾಧ್ಯತೆ ಎಷ್ಟು ಎಂದು ತಜ್ಞರು ಹೇಳಬಾರದು ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1996ರಲ್ಲಿ ತೀರ್ಪು ಕೊಡಬೇಕಾಯಿತು. ಅಂದಹಾಗೆ, ತದ್ರೂಪಿ ಅವಳಿಗಳ ಪಟ್ಟಿ ಒಂದೇ ಇರುತ್ತದೆ. ಅಲ್ಲಿ ಯಾವ ಸಂಖ್ಯೆಯೂ ಕೆಲಸಕ್ಕೆ ಬಾರದು.

ಕೊನೆಗೆ, ವರದಿ ಹೇಳದ್ದನ್ನು ಕೇಳಿ

ಡಿಎನ್‌ಎ ಅಲ್ಲಿಗೆ ಯಾವಾಗ ಬಂತು, ಹೇಗೆ ಬಂತು ಎಂದು ಪಟ್ಟಿ ಹೇಳುವುದಿಲ್ಲ. ಕೈಕುಲುಕಿದವರ ಡಿಎನ್‌ಎ ನಮ್ಮ ಕೈಯಿಂದ ಬಾಗಿಲ ಹಿಡಿಗೂ ದಾಟಬಲ್ಲದು. ಕಲೆ ರಕ್ತದ್ದೋ, ಎಂಜಲಿನದೋ ಎಂದು ತಿಳಿಯಲು ಬೇರೆಯದೇ ಪರೀಕ್ಷೆ ಬೇಕು. ಅದು ನಡೆದಿದೆಯೇ ನೋಡಿ. ನಡೆದಿಲ್ಲದಿದ್ದರೆ ಪಾಟಿ ಸವಾಲಿನಲ್ಲಿ ತಜ್ಞರಿಗೆ ಮೊದಲು ಕೇಳಬೇಕಾದದ್ದು ಅದನ್ನೇ.