ಕುಟುಂಬ ವೈದ್ಯರ ಮುಂದೆ ತೊಂದರೆಯನ್ನು ಹೇಳಿಕೊಳ್ಳುವ ಬಗೆ

ಕಾಯಿಲೆಯನ್ನು ಗುರುತಿಸುವಲ್ಲಿ ರೋಗಿಯ ಮಾತಿಗಿರುವ ತೂಕ ಎಷ್ಟೆಂಬುದು ಹಲವು ರೋಗಿಗಳಿಗೇ ತಿಳಿದಿರುವುದಿಲ್ಲ. 1975ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 80 ಹೊರರೋಗಿಗಳ ಪೈಕಿ 66 ಮಂದಿಯ ವಿಷಯದಲ್ಲಿ, ಕಳುಹಿಸಿದ ವೈದ್ಯರ ಪತ್ರವನ್ನು ಓದಿ ರೋಗಿಯ ಮಾತನ್ನು ಕೇಳಿದ ನಂತರ ಮಾಡಿದ ನಿರ್ಣಯವೇ ಕೊನೆಯವರೆಗೂ ಸರಿಯಾಗಿ ಉಳಿಯಿತು. ಆದರೆ ಆ ಮಾತಿಗೆ ಸಿಗುವ ಅವಕಾಶ ಚಿಕ್ಕದು: 1984ರ ಅಮೆರಿಕದ ಅಧ್ಯಯನವೊಂದರಲ್ಲಿ ವೈದ್ಯರು ರೋಗಿಯ ಮೊದಲ ಮಾತನ್ನು ಸರಾಸರಿ 18 ಸೆಕೆಂಡುಗಳಲ್ಲಿ ತಡೆದಿದ್ದರು. ಪೂರ್ತಿ ಕೇಳಿಸಿಕೊಳ್ಳುವುದು ವೈದ್ಯರ ಕರ್ತವ್ಯವೇ ಸರಿ. ಆದರೂ ಹೇಳಬೇಕಾದುದನ್ನು ಮೊದಲೇ ಯೋಚಿಸಿಕೊಂಡು ಹೋಗುವುದು ನಮ್ಮ ಕೈಯಲ್ಲಿದೆ.

ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವ ತೊಂದರೆ ಯಾವುದು, ಅದು ಎಂದಿನಿಂದ ಇದೆ ಎಂಬುದು ನಿಮ್ಮ ಮೊದಲ ವಾಕ್ಯವಾಗಲಿ. ಅನೇಕರು ಸಣ್ಣ ವಿಷಯಗಳಿಂದ ಮಾತು ಆರಂಭಿಸಿ, ನಿಜವಾದ ಭಯವನ್ನು ಎದ್ದು ಬಾಗಿಲ ಬಳಿ ಹೋದ ಮೇಲೆ ತಿಳಿಸುತ್ತಾರೆ. ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಕಾಯಿಲೆಯ ಹೆಸರನ್ನು ನೀವೇ ಹೇಳಬೇಡಿ, ಅನುಭವವನ್ನು ಹೇಳಿ. "ಗ್ಯಾಸ್ಟ್ರಿಕ್ ಆಗಿದೆ" ಎಂದರೆ ವೈದ್ಯರಿಗೆ ತಿಳಿಯುವುದು ಸ್ವಲ್ಪವೇ. ಉರಿ ಎಲ್ಲಿದೆ, ಊಟಕ್ಕೆ ಮುಂಚೆಯೋ ನಂತರವೋ, ಮಲಗಿದಾಗ ಹೆಚ್ಚುತ್ತದೆಯೋ, ಮೆಟ್ಟಿಲು ಹತ್ತುವಾಗ ಕಾಣಿಸಿಕೊಂಡು ನಿಂತರೆ ಕಡಿಮೆಯಾಗುತ್ತದೆಯೋ ಎಂಬ ವಿವರಗಳು ಹೊಟ್ಟೆಯ ತೊಂದರೆಯನ್ನು ಹೃದಯದ ತೊಂದರೆಯಿಂದ ಬೇರ್ಪಡಿಸಲು ನೆರವಾಗುತ್ತವೆ. ಎದೆನೋವಿನೊಂದಿಗೆ ಬೆವರು, ಉಸಿರಾಟದ ಕಷ್ಟ, ತೋಳಿಗೋ ದವಡೆಗೋ ಹರಡುವ ನೋವು ಇದ್ದರೆ ಕುಟುಂಬ ವೈದ್ಯರ ಭೇಟಿಗಾಗಿ ಕಾಯದೆ ತಕ್ಷಣ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ಸೇವಿಸುತ್ತಿರುವ ಎಲ್ಲ ಔಷಧಿಗಳನ್ನೂ ಜೊತೆಗೆ ಒಯ್ಯಿರಿ. ಚೀಟಿಯಿಲ್ಲದೆ ಕೊಂಡ ನೋವಿನ ಮಾತ್ರೆ, ಗಿಡಮೂಲಿಕೆ, ವಿಟಮಿನ್ ಯಾವುದನ್ನೂ ಬಿಡಬೇಡಿ. ಐಬುಪ್ರೊಫೇನ್‌ನಂಥ ಸಾಮಾನ್ಯ ನೋವುನಿವಾರಕವೂ ರಕ್ತದೊತ್ತಡವನ್ನು ಏರಿಸಬಲ್ಲದು, ರಕ್ತದೊತ್ತಡದ ಕೆಲವು ಮಾತ್ರೆಗಳ ಪರಿಣಾಮವನ್ನು ಕುಗ್ಗಿಸಬಲ್ಲದು. ಮಾತ್ರೆಯನ್ನು ಆಗಾಗ ಬಿಟ್ಟಿದ್ದರೆ ಸಂಕೋಚವಿಲ್ಲದೆ ತಿಳಿಸಿ. ಅದನ್ನು ಮುಚ್ಚಿಟ್ಟರೆ, ಔಷಧಿ ಸಾಲುತ್ತಿಲ್ಲವೆಂದು ಭಾವಿಸಿ ವೈದ್ಯರು ಪ್ರಮಾಣವನ್ನು ಹೆಚ್ಚಿಸುವ ಅಪಾಯವಿದೆ, ಮತ್ತು ಈ ಮುಚ್ಚುಮರೆಯೇ ಅನೇಕ ಅನಗತ್ಯ ಚಿಕಿತ್ಸೆಗಳ ಮೂಲವೆಂಬುದು ನನ್ನ ದೃಢ ಅಭಿಪ್ರಾಯ.

ವಯಸ್ಸಾದವರ ಜೊತೆ ಹೋಗುವವರು ಅವರ ಪರವಾಗಿ ಉತ್ತರಿಸುವ ಆತುರವನ್ನು ತಡೆದುಕೊಳ್ಳಬೇಕು. ಮೂತ್ರದ ತೊಂದರೆ, ಮನಸ್ಸಿನ ಕುಗ್ಗುವಿಕೆ, ಜಾರಿ ಬಿದ್ದ ಸಂಗತಿ ಇವನ್ನೆಲ್ಲ ಹಿರಿಯರು ಮಕ್ಕಳ ಎದುರು ಹೇಳಿಕೊಳ್ಳುವುದು ಕಷ್ಟ. ಆದ್ದರಿಂದ ಸ್ವಲ್ಪ ಹೊತ್ತು ಹೊರಗೆ ಕುಳಿತು, ಸೂಚನೆಗಳನ್ನು ಬರೆದುಕೊಳ್ಳಲು ಮತ್ತೆ ಒಳಗೆ ಬರುವುದು ಒಳ್ಳೆಯದು.

ಹೊರಡುವ ಮುನ್ನ, ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ ಸರಿಯೇ ಎಂದು ವಿಚಾರಿಸಿ. ಎಷ್ಟು ದಿನದಲ್ಲಿ ಗುಣ ಕಾಣಬೇಕು, ಕಾಣದಿದ್ದರೆ ಯಾವಾಗ ಮರಳಿ ಬರಬೇಕು, ಯಾವ ಲಕ್ಷಣ ಕಂಡರೆ ಕಾಯಬಾರದು ಎಂಬುದನ್ನು ಕೇಳದೆ ಏಳಬೇಡಿ.

ಸಾಧ್ಯವಾದಷ್ಟೂ ಒಬ್ಬರೇ ವೈದ್ಯರ ಬಳಿ ಮುಂದುವರಿಯಿರಿ. ನಾರ್ವೆಯ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 15 ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕುಟುಂಬ ವೈದ್ಯರನ್ನು ಹೊಂದಿದ್ದವರಲ್ಲಿ, ಒಂದು ವರ್ಷದ ಪರಿಚಯವಷ್ಟೇ ಇದ್ದವರಿಗಿಂತ ಸಾವಿನ ಸಂಭವ ಸುಮಾರು ಶೇ. 25ರಷ್ಟು ಕಡಿಮೆ ಕಂಡುಬಂದಿತು. ಇದಕ್ಕೆ ದೀರ್ಘ ಪರಿಚಯವೊಂದೇ ಕಾರಣವೆಂದು ಇಂಥ ಅಧ್ಯಯನದಿಂದ ಸಾಧಿಸಲಾಗದು, ಆದರೆ ಉಪೇಕ್ಷಿಸುವಂಥ ಅಂತರವೂ ಅದಲ್ಲ. ಹಾಗೆಂದು ಮಾತನ್ನೇ ಕೇಳಿಸಿಕೊಳ್ಳದ ವೈದ್ಯರನ್ನು ಸಹಿಸಿಕೊಂಡಿರಬೇಕಿಲ್ಲ. ಬೇಸರವನ್ನು ಮೊದಲು ಅವರಿಗೇ ನೇರವಾಗಿ, ಸೌಜನ್ಯದಿಂದ ತಿಳಿಸಿ. ಬದಲಾವಣೆ ಕಾಣದಿದ್ದರೆ ಹಳೆಯ ಚೀಟಿಗಳು, ಪರೀಕ್ಷಾ ವರದಿಗಳು ಮತ್ತು ಒಗ್ಗದ ಔಷಧಿಗಳ ವಿವರವನ್ನು ಪಡೆದುಕೊಂಡು ಬೇರೆ ವೈದ್ಯರ ಬಳಿ ಹೋಗಿ.