ಆಟಿಯ ಮಳೆಯಲ್ಲಿ ಪರ್ಸೋನಾ 5 ರಾಯಲ್

ಉಡುಪಿಯಲ್ಲಿ ಮಳೆ ಹಿಡಿದರೆ ಕರೆಂಟು ಹೇಳದೇ ಹೋಗುತ್ತದೆ. ಆದ್ದರಿಂದ ಈ ಜಪಾನಿ ವಿಡಿಯೋ ಗೇಮಿನ ಮೊದಲ ಪಾಠ: ಅರಮನೆಯೊಳಗೆ (ಕೆಟ್ಟವರ ಮನಸ್ಸಿನೊಳಗಿನ ಲೋಕ; ವಿದ್ಯಾರ್ಥಿಗಳ ಕಳ್ಳತಂಡ ಅಲ್ಲಿನ ನಿಧಿ ಕದಿಯಬೇಕು) ಸುರಕ್ಷಿತ ಕೋಣೆ ಕಂಡ ಕೂಡಲೇ ಸೇವ್ ಮಾಡಿ. ಮೊದಲ ಖಳ ಕಾಮೊಶಿದಾನ ಅರಮನೆಯಾದ ಕೋಟೆಯಲ್ಲಿ ಒಂದೂವರೆ ಗಂಟೆಯ ಆಟ ನೀರುಪಾಲಾದ ಮೇಲೆ ನಾನು ಇನ್ವರ್ಟರಿನ ಪಕ್ಕಕ್ಕೇ ಟಿವಿ ಎಳೆದುಕೊಂಡೆ.

ಭಾಷೆಯನ್ನು ಜಪಾನಿಗೆ ಬದಲಿಸಿ, ಇಂಗ್ಲಿಷ್ ಅಡಿಬರಹ ಇಟ್ಟುಕೊಳ್ಳಿ. ಅರ್ಥವಾಗದಿದ್ದರೂ ದನಿಯಲ್ಲೇ ಅರ್ಧ ಭಾವವಿದೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ.

ಕಾಳಗದಲ್ಲಿ ಬಲಕ್ಕಿಂತ ದೌರ್ಬಲ್ಯ ಮುಖ್ಯ. ಬೆಂಕಿ, ಹಿಮ, ಮಿಂಚು, ಗಾಳಿ ಒಂದೊಂದನ್ನೂ ಪ್ರಯೋಗಿಸಿ. ದುರ್ಬಲ ಜಾಗಕ್ಕೆ ತಾಗಿದರೆ ಶತ್ರು ಉರುಳುತ್ತಾನೆ, ನಿಮಗೆ ಇನ್ನೊಂದು ಸರದಿ ಸಿಗುತ್ತದೆ; ಅದನ್ನು ಜೊತೆಗಾರನಿಗೆ ದಾಟಿಸಿದರೆ ಅವನ ಹೊಡೆತದ ಬಲ ಏರುತ್ತದೆ. ಎಲ್ಲರೂ ಉರುಳಿದಾಗ ಒಟ್ಟಾಗಿ ಮುಗಿಬೀಳಿ. ಶತ್ರುಗಳೂ ಇದೇ ಆಟ ಆಡುತ್ತಾರೆ: ನಿಮ್ಮ ಮೊದಲ ಪರ್ಸೋನಾ (ನಿಮ್ಮ ಪರವಾಗಿ ಕಾದಾಡುವ ಒಳಶಕ್ತಿ) ಆರ್ಸೆನ್‌ಗೆ ಹಿಮ ದೌರ್ಬಲ್ಯ.

ನಿಜವಾದ ತಲೆನೋವು ಎಸ್‌ಪಿ, ಅಂದರೆ ಮಂತ್ರಶಕ್ತಿ. ಅದು ಅರ್ಧದಾರಿಯಲ್ಲೇ ಬರಿದಾಗುತ್ತದೆ. ಅದನ್ನು ತುಂಬಿಸಿಕೊಳ್ಳಲು, ನಾಯಕ ವಾಸಿಸುವ ಕೆಫೆಯಲ್ಲಿ ಕಾಫಿ, ಕರ್ರಿ ಮಾಡಲು ಬೇಗ ಕಲಿಯಿರಿ. ವೈದ್ಯೆ ತಾಕೆಮಿಯ ಸ್ನೇಹ ಬೆಳೆಸಿದರೆ ಪ್ರತಿ ಸರದಿಗೂ ಎಸ್‌ಪಿ ತುಂಬುವ ಅಂಟುಪಟ್ಟಿ ಮಾರುತ್ತಾಳೆ. ದುಬಾರಿ, ಆದರೂ ಕೊಳ್ಳಿ.

ಅರಮನೆ ಮುಗಿಸಲು ಗಡುವಿನ ದಿನದವರೆಗೆ ಕಾಯಬೇಡಿ. ನಿಧಿಯ ದಾರಿ ಸಿಕ್ಕ ಮೇಲೂ ಖಳನಿಗೆ ಎಚ್ಚರಿಕೆ ಪತ್ರ ಕಳುಹಿಸಲು ಒಂದು ದಿನ ಬೇಕು, ಕಳವು ಮರುದಿನ. ಉಳಿದ ಸಂಜೆಗಳನ್ನು ಗೆಳೆಯರಿಗೆ ಕೊಡಿ. ನಮ್ಮಮ್ಮ ಕೇಳುತ್ತಾರೆ, "ಅಲ್ಲಿಯೂ ಶಾಲೆಗೆ ಹೋಗಲಿಕ್ಕುಂಟಾ?" ಉಂಟು, ಪರೀಕ್ಷೆಯೂ ಉಂಟು.