ಒಡೆದ ಟೈಲ್ಸ್, ಎರಡು ಚೀಲ, ಒಂದು ಟಿಪ್: ನನ್ನ ಅನುಭವ

ಇಂಗ್ಲೆಂಡಿನ ನಮ್ಮ ಹಳೇ ಮನೆಯ ಬಾತ್‌ರೂಮ್ ಕಿತ್ತು ಹೊಸದು ಮಾಡಿಸೋಣ ಅಂತ ಹೊರಟಾಗ ನಾನು ಮೊದಲು ಓದಿದ್ದು ಕೌನ್ಸಿಲ್‌ನ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದ, ಕಸದ ಕೇಂದ್ರದ ನಿಯಮಗಳನ್ನು. ಟೈಲ್ಸ್ ಅಂಗಡಿಗೆ ಆಮೇಲೆ ಹೋದೆ. ಈ ಕೇಂದ್ರವನ್ನು ಇಲ್ಲಿ ಎಲ್ಲರೂ ‘ಟಿಪ್’ ಅನ್ನುತ್ತಾರೆ. ಬೆಂಗಳೂರಿನಲ್ಲಿದ್ದಾಗ ಮೇಸ್ತ್ರಿಗೆ ಒಂದು ಮಾತು ಹೇಳಿದರೆ ಟ್ರ್ಯಾಕ್ಟರ್ ಬಂದು ಡೆಬ್ರಿಸ್ ತುಂಬಿಕೊಂಡು ಹೋಗುತ್ತಿತ್ತು. ಎಲ್ಲಿ ಸುರಿದ ಅಂತ ಕೇಳುವ ಗೋಜಿಗೆ ನಾವು ಹೋದವರಲ್ಲ. ಇಲ್ಲಿ ಗೇಟಿನಲ್ಲೇ ಕೇಳುತ್ತಾರೆ: ಯಾವ ಮನೆಯದು, ಒಡೆದವರು ಯಾರು?

ಆ ಎರಡನೇ ಪ್ರಶ್ನೆಯೇ ಮುಖ್ಯ. 1990ರ ಪರಿಸರ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯ ಕಸ ಹಾಕಲು ನಿವಾಸಿಗಳಿಗೆ ಕೌನ್ಸಿಲ್ ಜಾಗ ಒದಗಿಸಬೇಕು. ಆದರೆ ರಿಪೇರಿಯ ಕಲ್ಲುಮಣ್ಣಿಗೆ ಹಲವು ಕೌನ್ಸಿಲ್‌ಗಳು ಚೀಲಕ್ಕಿಷ್ಟು ಅಂತ ದುಡ್ಡು ಕೇಳುತ್ತಿದ್ದವು. 2023ರ ಡಿಸೆಂಬರ್ 31ರಿಂದ ಇಂಗ್ಲೆಂಡಿನಲ್ಲಿ ಅದಕ್ಕೆ ಮಿತಿ ಬಂತು. ಮನೆಯವರು ತಾವೇ ಕೆಲಸ ಮಾಡಿ, ಅದರಿಂದ ಯಾರಿಗೂ ಸಂಪಾದನೆ ಆಗಿರದಿದ್ದರೆ, ಒಂದು ಸಲಕ್ಕೆ 50 ಲೀಟರಿನ ಎರಡು ಚೀಲ, ಇಲ್ಲವೇ 2 ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲ, 70 ಸೆಂಟಿಮೀಟರ್ ಎತ್ತರ ಮೀರದ ಒಂದು ವಸ್ತು ಉಚಿತ. ನಾಲ್ಕು ವಾರಕ್ಕೆ ನಾಲ್ಕು ಸಲ. ಅಂದರೆ ಅದೇ ಟೈಲ್ ನಾನು ಒಡೆದರೆ ಮನೆಕಸ, ದುಡ್ಡು ತೆಗೆದುಕೊಂಡ ಪ್ಲಂಬರ್ ಒಡೆದರೆ ವ್ಯಾಪಾರದ ಕಸ!

ಹಾಗಾಗಿ ಕೆಲಸವನ್ನೇ ಇಬ್ಭಾಗ ಮಾಡಿದೆ. ಒಡೆಯುವುದು, ಕೀಳುವುದು ನನ್ನದು. ಪೈಪು, ಹೊಸ ಟೈಲ್ಸ್ ಕೂರಿಸುವುದು ಕೆಲಸಗಾರರದ್ದು. ಅವರ ತುಂಡು, ಡಬ್ಬ, ಖಾಲಿ ಚೀಲಗಳನ್ನು ಅವರೇ ಒಯ್ಯಬೇಕು ಅಂತ ಕೊಟೇಶನ್ನಿನಲ್ಲೇ ಬರೆಸಿಕೊಂಡೆ. ಒಬ್ಬರು ರೇಟು ಇಳಿಸುತ್ತೇನೆ, ಕಸ ನೀವೇ ಟಿಪ್‌ಗೆ ಹಾಕಿ ಅಂದರು. ಅವರಿಗೆ ಕೆಲಸ ಕೊಡಲಿಲ್ಲ.

ಆಮೇಲೆ ಲೆಕ್ಕ. 12 ಚದರ ಮೀಟರ್ ಗೋಡೆ, ಟೈಲ್ ಮತ್ತು ಹಿಂದಿನ ಅಂಟು ಸೇರಿ 12 ಮಿಲಿಮೀಟರ್ ದಪ್ಪ ಅಂದರೆ 144 ಲೀಟರ್. ಒಡೆದ ಮೇಲೆ ನಡುವೆ ಸಂದು ಬಿದ್ದು ಅದು ಸುಮಾರು ಒಂದೂವರೆ ಪಟ್ಟು ಉಬ್ಬುತ್ತದೆ. ಚೂರುಗಳನ್ನು ಸಲಿಕೆಯಲ್ಲಿ ತುಂಬುವ ಬದಲು ಕೈಗವಸು ಹಾಕಿಕೊಂಡು ಒಂದರ ಮೇಲೊಂದು ಚಪ್ಪಟೆಯಾಗಿ, ದೋಸೆ ಪೇರಿಸಿದ ಹಾಗೆ ಜೋಡಿಸಿದೆ. ಸಂದುಗಳಿಗೆ ಅಂಟಿನ ಪುಡಿ ಸುರಿದೆ. ಆದರೆ ತುಂಬಿದ ಚೀಲ ಎತ್ತಲು ಆಗುವುದಿಲ್ಲ, ಅರ್ಧ ತುಂಬಿದರೆ ಚೀಲದ ಲೆಕ್ಕದಲ್ಲಿ ನಮಗೇ ನಷ್ಟ. ಅದಕ್ಕೆ ಖಾಲಿ ಚೀಲವನ್ನು ಕಾರಿನ ಡಿಕ್ಕಿಯಲ್ಲೇ ಬಾಯಿ ತೆರೆದು ನಿಲ್ಲಿಸಿ, ಬಕೆಟ್ಟಿನಲ್ಲಿ ತಂದು ಅಲ್ಲೇ ತುಂಬುವುದು. ಟಿಪ್‌ನಲ್ಲೂ ಬಕೆಟ್ಟಿನಲ್ಲೇ ಇಳಿಸುವುದು. ಸೊಂಟ ಉಳಿಯಿತು.

ಗೆಳೆಯನೊಬ್ಬ, “ನನ್ನ ಟ್ರಾನ್ಸಿಟ್ ವ್ಯಾನ್ ಇದೆಯಲ್ಲ ಮಾರಾಯ, ಒಂದೇ ಸಲ ಮುಗಿಸು” ಅಂದ. ವ್ಯಾನ್ ದೊಡ್ಡದಾದರೆ ಚೀಲದ ಮಿತಿ ದೊಡ್ಡದಾಗುವುದಿಲ್ಲ. ಮೇಲಾಗಿ ವ್ಯಾನು, ಪಿಕಪ್ಪು, ಟ್ರೇಲರಿಗೆ ಬಹಳ ಕಡೆ ಮೊದಲೇ ಪರ್ಮಿಟ್ ಪಡೆಯಬೇಕು, ವಿಳಾಸದ ಪುರಾವೆ ತೋರಿಸಬೇಕು. ಪಕ್ಕದಲ್ಲಿ ಕಂಪನಿ ಹೆಸರು ಬರೆದ ವ್ಯಾನಾದರಂತೂ ಒಳಗಿರುವುದು ಅಜ್ಜಿಯ ಹಳೇ ಮಂಚವಾದರೂ ತಡೆದು ಕೇಳುತ್ತಾರೆ. ಬಾಡಿಗೆ ವ್ಯಾನಾದರೆ ಬಾಡಿಗೆಯ ಕಾಗದ ಜೊತೆಗಿರಲಿ. ಬಾಗಿಲಲ್ಲಿ ಎತ್ತರದ ಅಡ್ಡಪಟ್ಟಿ ಇದ್ದರೆ ಎತ್ತರದ ವ್ಯಾನು ಒಳಗೇ ಹೋಗದು. ಕಾರಿನ ಮೇಲೆ ಸೈಕಲ್ಲೋ ಪೆಟ್ಟಿಗೆಯೋ ಇದ್ದರೂ ಅಷ್ಟೇ, ಮನೆಯಲ್ಲೇ ಇಳಿಸಿ ಹೋಗಿ. ಬುಕಿಂಗ್ ಪದ್ಧತಿ ಇರುವ ಕಡೆ ಕಾರಿಗೂ ಮೊದಲೇ ಸಮಯ ಗೊತ್ತುಮಾಡಬೇಕು. ಇದೆಲ್ಲ ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ಬೇರೆ, ಪಕ್ಕದೂರಿನವರನ್ನು ಕೇಳಿ ಹೊರಡಬೇಡಿ.

ಒಳಗೆ ಹಳದಿ ಜಾಕೆಟ್ಟಿನವರು ಚೀಲದ ಬಾಯಿ ಬಿಡಿಸಿ ನೋಡಿದರು. ನನ್ನ ಬೆರಳಿಗೆ ಸುತ್ತಿದ್ದ ಪ್ಲಾಸ್ಟರ್ ಕಂಡು, “ನೀವೇ ಒಡೆದಿರಿ ಅಂತ ನಂಬುತ್ತೇನೆ” ಅಂತ ನಕ್ಕರು. ಅವರು ನಿಜಕ್ಕೂ ಹುಡುಕುವುದು ಪ್ಲಾಸ್ಟರ್‌ಬೋರ್ಡ್, ಅಂದರೆ ಗೋಡೆಗೆ ಹೊಡೆಯುವ ಜಿಪ್ಸಮ್ ಹಲಗೆ. ಅದರ ಜಿಪ್ಸಮ್ ಕೊಳೆಯುವ ಕಸದ ಜೊತೆ ನೆಲಕ್ಕೆ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೇ ಬೇರೆ ಡಬ್ಬ. ಟೈಲ್ ಜೊತೆ ಕಿತ್ತು ಬಂದ ಬೋರ್ಡನ್ನು ಮನೆಯಲ್ಲೇ ಬೇರ್ಪಡಿಸಿದ್ದರಿಂದ ನನ್ನನ್ನು ಹೆಚ್ಚು ನಿಲ್ಲಿಸಲಿಲ್ಲ. ಆಸ್ಬೆಸ್ಟಾಸ್ (ಹಳೇ ಮನೆಗಳಲ್ಲಿ ಬಳಸುತ್ತಿದ್ದ, ಧೂಳು ಉಸಿರಿಗೆ ಹೋದರೆ ಅಪಾಯ ತರುವ ನಾರಿನ ವಸ್ತು) ಇರುವ ಅನುಮಾನ ಇದ್ದರೆ ಮಾತ್ರ ಒಡೆಯಲೇ ಹೋಗಬೇಡಿ, ಮೊದಲು ಕೌನ್ಸಿಲ್‌ಗೆ ಫೋನ್ ಮಾಡಿ.

ಸಾಕಪ್ಪಾ ಈ ರಗಳೆ ಅಂತ ವ್ಯಾನಿನವನೊಬ್ಬನಿಗೆ ಕಸ ಒಪ್ಪಿಸುವವರು ಅವನ ಹೆಸರನ್ನು ಎನ್ವಿರಾನ್‌ಮೆಂಟ್ ಏಜೆನ್ಸಿ ಎಂಬ ಸರ್ಕಾರಿ ಪರಿಸರ ಸಂಸ್ಥೆಯ ಕಸ ಸಾಗಿಸುವವರ ಪಟ್ಟಿಯಲ್ಲಿ ನೋಡಿಕೊಳ್ಳಿ. ಪರವಾನಗಿ ಇಲ್ಲದವನು ಹಳ್ಳದ ಬದಿ ಸುರಿದು ಹೋದರೆ, ವಿಚಾರಿಸದೆ ಕೊಟ್ಟ ಮನೆಯವರಿಗೂ 600 ಪೌಂಡ್‌ವರೆಗೆ ದಂಡ ಬೀಳಬಹುದು.

ಮೊನ್ನೆ ಅದೇ ವ್ಯಾನಿನ ಗೆಳೆಯ, ತಾನು ಬಾಡಿಗೆಗೆ ಕೊಟ್ಟಿರುವ ಫ್ಲ್ಯಾಟಿನ ಹಳೇ ಕಾರ್ಪೆಟ್ಟನ್ನು ನನ್ನ ಕಾರಿನಲ್ಲಿ ಟಿಪ್‌ಗೆ ಹಾಕಿ ಬರೋಣವೇ ಅಂದ. ಬೇಡ ಅಂದೆ. ಬಾಡಿಗೆ ಬರುವ ಮನೆಯನ್ನು ಮಾಲೀಕ ಖಾಲಿ ಮಾಡಿಸಿದರೆ ಅದು ಕೌನ್ಸಿಲ್ ಕಣ್ಣಿಗೆ ವ್ಯಾಪಾರದ ಕಸ, ಕಾರಿನಲ್ಲಿ ತಂದರೂ ಸರಿಯೆ. ಅದಕ್ಕೆ ಖಾಸಗಿ ಕೇಂದ್ರಗಳಿವೆ: ತೂಕದ ಮೇಲೆ ದುಡ್ಡು ತೆಗೆದುಕೊಂಡು ಚೀಟಿ ಕೊಡುತ್ತಾರೆ, ಆ ಚೀಟಿಯನ್ನು ಎರಡು ವರ್ಷ ಜೋಪಾನ ಮಾಡಬೇಕು.